ಶನಿವಾರ ಸಂಜೆ ಏಳಕ್ಕೆ ಕೈಕೊಡುವ ಇಂಟರ್ನೆಟ್: ಅತಿಥಿ ವೈಫೈ ಬ್ಯಾಂಡ್‌ವಿಡ್ತ್ ಹಂಚಿಕೆಯ ದೋಷ ನಿವಾರಣೆ

ದೂರು ಏನಿತ್ತು

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಯ ಕಡೆಗೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ನಡುವೆ ಒಂಬತ್ತು ಕೋಣೆಗಳ ಒಂದು ಹೋಮ್‌ಸ್ಟೇ ಇದೆ. ದಪ್ಪ ಗೋಡೆಯ ಹಳೆಯ ಮನೆಯಲ್ಲಿ ಐದು ಕೋಣೆಗಳು, ಇಳಿಜಾರಿನಲ್ಲಿ ನಾಲ್ಕು ಕಾಟೇಜುಗಳು, ಹೊರಗಿನವರಿಗೂ ಊಟ ಸಿಗುವ ಒಂದು ಹಜಾರ, ಹಜಾರದ ಬಾಗಿಲಲ್ಲೇ ಬಿಲ್ಲಿಂಗ್ ಕೌಂಟರು. ಇಂಟರ್ನೆಟ್ ಬರುವುದು ಫೈಬರ್ ಮೂಲಕ. ಆಪರೇಟರ್ ಕೊಟ್ಟಿದ್ದ ಪೆಟ್ಟಿಗೆಯೊಂದೇ ರೂಟರ್ ಕೆಲಸವನ್ನೂ ವೈಫೈ ಕೆಲಸವನ್ನೂ ಮಾಡುತ್ತಿತ್ತು. ಅದರಿಂದ ಹೊರಟ ಕೇಬಲ್ ಕೌಂಟರಿನ ಕೆಳಗಿದ್ದ ಸ್ವಿಚ್‌ಗೆ (ಒಂದು ಕೇಬಲ್ಲನ್ನು ಹಲವು ಯಂತ್ರಗಳಿಗೆ ಕವಲೊಡೆಸುವ ಪೆಟ್ಟಿಗೆ), ಅಲ್ಲಿಂದ ಬಿಲ್ಲಿಂಗ್ ಕಂಪ್ಯೂಟರಿಗೆ ಮತ್ತು ವೈಫೈ ಸಿಗ್ನಲ್ ಬಿತ್ತರಿಸುವ ಎರಡು ಅಕ್ಸೆಸ್ ಪಾಯಿಂಟ್‌ಗಳಿಗೆ ಹೋಗಿತ್ತು.

ಮಾಲೀಕರು ಫೋನಿನಲ್ಲಿ ಹೇಳಿದ್ದು ಇಷ್ಟು: “ದಿನವಿಡೀ ಚೆನ್ನಾಗೇ ಇರುತ್ತೆ ಸಾರ್. ಶನಿವಾರ ಸಂಜೆ ಗೆಸ್ಟುಗಳು ದುಡ್ಡು ಕಟ್ಟೋ ಹೊತ್ತಿಗೆ ಸರಿಯಾಗಿ ಚಕ್ರ ತಿರುಗ್ತಾ ಕೂತ್ಕೊಳ್ಳುತ್ತೆ. ಪ್ಲಾನ್ ನೂರರಿಂದ ಇನ್ನೂರಕ್ಕೆ ಏರಿಸಿದ್ದೂ ಆಯ್ತು.” ಈ ಮೂರು ವಾಕ್ಯಗಳಲ್ಲಿಯೇ ಮೂರು ಸುಳಿವುಗಳಿದ್ದವು. ದಿನವಿಡೀ ಚೆನ್ನಾಗಿರುವುದಾದರೆ ಲೈನ್ ಸತ್ತಿಲ್ಲ. ಒಂದು ನಿರ್ದಿಷ್ಟ ದಿನ ಮತ್ತು ಹೊತ್ತಿನಲ್ಲಿ ಮಾತ್ರ ಕೆಡುವುದಾದರೆ ಅದಕ್ಕೆ ಕಾರಣ ಬಳಕೆಯ ರೀತಿಯಲ್ಲಿರುತ್ತದೆ. ಪ್ಲಾನ್ ದುಪ್ಪಟ್ಟು ಮಾಡಿದರೂ ಕಿಂಚಿತ್ತೂ ಬದಲಾಗದಿದ್ದರೆ, ಹಣ ಕೊಟ್ಟು ಹೆಚ್ಚಿಸಿಕೊಂಡದ್ದು ಕೊರತೆಯಿದ್ದ ವಸ್ತುವನ್ನಲ್ಲ.

ಮೂರನೆಯ ಸುಳಿವಿಗಾಗಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ನೆಟ್‌ಫ್ಲಿಕ್ಸ್ ತನ್ನ ಪೂರ್ಣ ಎಚ್‌ಡಿ ವಿಡಿಯೊಗೆ ಸೂಚಿಸುವ ವೇಗ 5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಒಂಬತ್ತು ಕೋಣೆಗಳಲ್ಲಿಯೂ ಏಕಕಾಲಕ್ಕೆ ಒಂದೊಂದು ವಿಡಿಯೊ ಓಡಿದರೂ 45 ಎಂಬಿಪಿಎಸ್ ಆಯಿತು. ಹೀಗಿರುವಾಗ 100 ಎಂಬಿಪಿಎಸ್ ಪ್ಲಾನ್ ಸಾಲದೆ ಹೋಗಲು ಡೌನ್‌ಲೋಡ್ ಕಾರಣವಾಗಿರಲಾರದು ಎಂಬ ಅನುಮಾನದೊಂದಿಗೆ ಕೆಲಸ ಆರಂಭಿಸಿದೆ.

ಯಾವುದನ್ನೂ ಮುಟ್ಟುವ ಮೊದಲು ಅಳತೆ

ಇಂತಹ ದೂರು ಬಂದಾಗ ಎಲ್ಲರೂ ಮಾಡುವ ಮೊದಲ ಕೆಲಸ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಒತ್ತುವುದು. ಮಧ್ಯಾಹ್ನ ಮೂರು ಗಂಟೆಗೆ, ಯಾರೂ ಇಲ್ಲದ ಹೊತ್ತಿನಲ್ಲಿ, ವೈಫೈ ಮೂಲಕ ಮಾಡಿದ ಸ್ಪೀಡ್ ಟೆಸ್ಟಿನಿಂದ ಸಂಜೆ ಏಳರ ದೋಷದ ಬಗ್ಗೆ ಏನೂ ತಿಳಿಯುವುದಿಲ್ಲ. ದೋಷ ಇರುವ ಹೊತ್ತಿನಲ್ಲಿಯೇ, ಕೇಬಲ್ ಹಾಕಿದ ಲ್ಯಾಪ್‌ಟಾಪಿನಿಂದ ಅಳೆಯಬೇಕು. ವೇಗಕ್ಕಿಂತ ಮುಖ್ಯವಾಗಿ ಅಳೆಯಬೇಕಾದದ್ದು ತಡ, ಅಂದರೆ ಒಂದು ಪ್ಯಾಕೆಟ್ (ದತ್ತಾಂಶದ ಪುಟ್ಟ ತುಣುಕು) ಹೋಗಿ ಉತ್ತರ ಮರಳಲು ಹಿಡಿಯುವ ಮಿಲಿಸೆಕೆಂಡುಗಳು.

ಲ್ಯಾಪ್‌ಟಾಪಿನಲ್ಲಿ ಮೂರು ಕಮಾಂಡ್ ಕಿಟಕಿಗಳನ್ನು ತೆರೆದು ಮೂರು ಕಡೆಗೆ ನಿಲ್ಲದ ಪಿಂಗ್ (ಈ ತಡವನ್ನು ಅಳೆಯುವ ಕಮಾಂಡ್) ಹಚ್ಚಿಡುವುದು ನನ್ನ ಪದ್ಧತಿ. ಒಂದನೆಯದು ಮನೆಯೊಳಗಿನ ರೂಟರಿಗೆ, ಬಹುತೇಕ ಕಡೆ 192.168.1.1. ಎರಡನೆಯದು ಆಪರೇಟರ್ ಕಡೆಯ ಮೊದಲ ಯಂತ್ರಕ್ಕೆ. ಇದರ ವಿಳಾಸ, ಪ್ಯಾಕೆಟ್ ಹಾದುಹೋಗುವ ಯಂತ್ರಗಳ ಪಟ್ಟಿ ಕೊಡುವ ಟ್ರೇಸ್‌ರೂಟ್ ಮಾಡಿದಾಗ, ಎರಡನೆಯ ಸಾಲಿನಲ್ಲಿ ಸಿಗುತ್ತದೆ. ಮೂರನೆಯದು ಹೊರಗಿನ ಒಂದು ನಂಬುಗೆಯ ವಿಳಾಸಕ್ಕೆ, ಉದಾಹರಣೆಗೆ ಗೂಗಲ್‌ನ 8.8.8.8. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಇವು ಕ್ರಮವಾಗಿ 1, 4 ಮತ್ತು 13 ಮಿಲಿಸೆಕೆಂಡ್ ತೋರಿಸುತ್ತಿದ್ದವು. ಸಂಜೆ 6.40ಕ್ಕೆ ಅಂಗಳದಲ್ಲಿ ಮೂರು ಕಾರುಗಳು ಬಂದು ನಿಂತವು. ಏಳು ಗಂಟೆಯ ಹೊತ್ತಿಗೆ ಮೊದಲನೆಯದು ಅದೇ 1, ಎರಡನೆಯದು 680, ಮೂರನೆಯದು 690.

ಈ ಮೂರು ಅಂಕಿಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯದೇ ಏರಿದ್ದರೆ ತೊಂದರೆ ಕಟ್ಟಡದೊಳಗೆ, ಅಂದರೆ ಕೇಬಲ್, ಸ್ವಿಚ್ ಅಥವಾ ಬಸವಳಿದ ರೂಟರಿನಲ್ಲಿದೆ. ಮೊದಲೆರಡು ಸರಿಯಿದ್ದು ಮೂರನೆಯದು ಮಾತ್ರ ಏರಿದರೆ ತೊಂದರೆ ಆಪರೇಟರಿನ ಆಚೆಗಿದೆ. ನೀವು ರೂಟರ್ ಬದಲಿಸಿ ಪ್ರಯೋಜನವಿಲ್ಲ. ಮೊದಲನೆಯದು ಸರಿಯಿದ್ದು ಎರಡನೆಯದರಿಂದ ಮುಂದೆ ಎಲ್ಲವೂ ಏರಿದರೆ, ನಿಮ್ಮ ರೂಟರಿಗೂ ಆಪರೇಟರಿಗೂ ನಡುವಿನ ಹಾದಿಯಲ್ಲಿ ಪ್ಯಾಕೆಟ್ಟುಗಳ ಸಾಲು ಬೆಳೆದು ನಿಂತಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಯಂತ್ರಗಳು ಪಿಂಗ್‌ಗೆ ಉತ್ತರ ಕೊಡುವುದನ್ನು ಕೊನೆಯ ಕೆಲಸವೆಂದು ಇಟ್ಟುಕೊಂಡಿರುವುದರಿಂದ, ಎರಡನೆಯದೊಂದೇ ಏರಿ ಮೂರನೆಯದು ಸರಿಯಿದ್ದರೆ ಅದನ್ನು ದೋಷವೆಂದು ತಿಳಿಯಬಾರದು.

ಸಾಲು ಬೆಳೆದದ್ದು ಯಾರಿಂದ ಎಂಬುದನ್ನು ತಿಳಿಯುವ ಪರೀಕ್ಷೆ ಬಹಳ ಸುಲಭ, ಆದರೆ ಮಾಲೀಕರ ಒಪ್ಪಿಗೆ ಬೇಕು: ಅತಿಥಿ ವೈಫೈಯನ್ನು ಐದು ನಿಮಿಷ ಪೂರ್ತಿ ನಿಲ್ಲಿಸುವುದು. 7.15ಕ್ಕೆ ನಿಲ್ಲಿಸಿದೆವು. ಎರಡೇ ಸೆಕೆಂಡಿನಲ್ಲಿ 690 ಇದ್ದದ್ದು 13ಕ್ಕೆ ಇಳಿಯಿತು. ಮತ್ತೆ ಹಚ್ಚಿದ ಮೂರನೆಯ ನಿಮಿಷಕ್ಕೆ ಪುನಃ 600 ದಾಟಿತು. ಸಂಜೆಯ ಹೊತ್ತು ಇಡೀ ಬಡಾವಣೆಯ ಲೈನ್ ತುಂಬಿ ಆಪರೇಟರಿನ ಕಡೆಯೇ ನಿಧಾನವಾಗುವುದೂ ಉಂಟು. ಹಾಗಾಗಿದ್ದರೆ ನಮ್ಮ ವೈಫೈ ನಿಲ್ಲಿಸಿದರೂ ಅಂಕಿ ಇಳಿಯುತ್ತಿರಲಿಲ್ಲ. ತಿಂಗಳ ಡೇಟಾ ಮಿತಿ ಮುಗಿದು ವೇಗ ಕುಸಿದಿದ್ದರೆ ಬೆಳಗ್ಗೆಯೂ ಮಧ್ಯಾಹ್ನವೂ ಅದೇ ಸ್ಥಿತಿ ಇರುತ್ತಿತ್ತು. ಹೀಗೆ ಈ ಎರಡು ಕಾರಣಗಳನ್ನೂ ಬದಿಗಿಡಬಹುದಾಯಿತು.

94 ಎಂಬ ಅಂಕಿ

ಅಪ್‌ಲೋಡಿನ ವಿಷಯಕ್ಕೆ ಹೋಗುವ ಮುನ್ನ, ದಾರಿಯಲ್ಲಿ ಸಿಕ್ಕ ಬೇರೊಂದು ದೋಷವನ್ನು ಹೇಳಬೇಕು. ಸ್ವಿಚ್‌ಗೆ ಕೇಬಲ್ ಹಾಕಿ ವೇಗ ಅಳೆದಾಗ ಡೌನ್‌ಲೋಡ್ 94 ಎಂಬಿಪಿಎಸ್ ಬಂದಿತು, ಎಷ್ಟು ಸಲ ಅಳೆದರೂ 94. ಇಷ್ಟು ನಿಶ್ಚಲವಾದ ಅಂಕಿಯನ್ನು ಕಂಡ ಕೂಡಲೇ ಕೇಬಲ್ ನೋಡಬೇಕು. 100 ಎಂಬಿಪಿಎಸ್ ಪೋರ್ಟಿನಲ್ಲಿ ಪ್ಯಾಕೆಟ್ಟಿನ ಮೇಲುಹೊದಿಕೆಗಳನ್ನು ಕಳೆದರೆ ಬಳಕೆಗೆ ಸಿಗುವುದು 94ರ ಆಸುಪಾಸು ಮಾತ್ರ. ಲ್ಯಾಪ್‌ಟಾಪನ್ನು ನೇರವಾಗಿ ಫೈಬರ್ ಪೆಟ್ಟಿಗೆಗೆ ಹಾಕಿದಾಗ 188 ಬಂದಿತು.

ಗಿಗಾಬಿಟ್ (1,000 ಎಂಬಿಪಿಎಸ್) ಸಂಪರ್ಕಕ್ಕೆ ಕೇಬಲ್ಲಿನ ಎಂಟು ತಂತಿಗಳೂ ಬೇಕು. ನಾಲ್ಕೇ ತಂತಿ ಇದ್ದರೆ ಎರಡೂ ತುದಿಯ ಯಂತ್ರಗಳು ತಾವಾಗಿಯೇ 100ಕ್ಕೆ ಇಳಿದುಕೊಳ್ಳುತ್ತವೆ, ಯಾವ ದೋಷಸೂಚನೆಯನ್ನೂ ತೋರಿಸುವುದಿಲ್ಲ. ಹಜಾರದ ಕಂಬದ ಮೇಲಿಂದ ಕೌಂಟರಿಗೆ ಬಂದಿದ್ದ ಕೇಬಲ್ಲಿನ ತುದಿ ಬಿಚ್ಚಿ ನೋಡಿದಾಗ ಕಿತ್ತಳೆ ಮತ್ತು ಹಸಿರು ಜೋಡಿಗಳು ಮಾತ್ರ ಪ್ಲಗ್ಗಿನೊಳಗಿದ್ದವು. ನೀಲಿ ಮತ್ತು ಕಂದು ಜೋಡಿಗಳನ್ನು ಹೊರಗೆಳೆದು, ಟೇಪು ಸುತ್ತಿ, ಇನ್ನೊಂದು ಪ್ಲಗ್ ಹಾಕಿ ಸಿಸಿಟಿವಿ ಕ್ಯಾಮೆರಾಕ್ಕೆ ಕೊಟ್ಟಿದ್ದರು. ಕ್ಯಾಮೆರಾ ಹಾಕಿದವರ ಮಟ್ಟಿಗೆ ಅದು ಜಾಣತನವೇ, ಒಂದು ಕೇಬಲ್ ಉಳಿಯಿತು. ಆದರೆ ಮಾಲೀಕರು ತಿಂಗಳುಗಟ್ಟಲೆ 200ರ ಪ್ಲಾನಿಗೆ ಹಣ ಕಟ್ಟಿ 94 ಪಡೆಯುತ್ತಿದ್ದರು. ಕ್ಯಾಮೆರಾಕ್ಕೆ ಬೇರೆ ಕೇಬಲ್ ಎಳೆದು ಇದನ್ನು ಎಂಟು ತಂತಿಗಳೊಂದಿಗೆ ಕಟ್ಟಿದ ಮೇಲೆ ಸ್ವಿಚ್‌ನಲ್ಲಿಯೂ 188 ಬಂದಿತು. ಸಂಜೆಯ ತೊಂದರೆ ಮಾತ್ರ ಹಾಗೆಯೇ ಉಳಿಯಿತು.

ಅಪ್‌ಲೋಡ್ ಎಂಬ ಇಕ್ಕಟ್ಟಿನ ಬಾಗಿಲು

ಅದೇ ಅಳತೆಯಲ್ಲಿ ಅಪ್‌ಲೋಡ್ ವೇಗ 18 ಎಂಬಿಪಿಎಸ್ ಇತ್ತು. ಆಪರೇಟರಿನ ಹಳೆಯ ಪ್ಲಾನಿನಲ್ಲಿ ಡೌನ್‌ಲೋಡ್ 100, ಅಪ್‌ಲೋಡ್ 20; ಹೊಸದರಲ್ಲಿ ಡೌನ್‌ಲೋಡ್ 200, ಅಪ್‌ಲೋಡ್ ಮತ್ತೆ 20. ಅಂದರೆ ಮಾಲೀಕರು ದೊಡ್ಡದು ಮಾಡಿಸಿದ್ದು ಮೊದಲೇ ಅಗಲವಾಗಿದ್ದ ಬಾಗಿಲನ್ನು. ಪ್ಲಾನ್ ಕೊಳ್ಳುವಾಗ ಎರಡನೆಯ ಅಂಕಿಯನ್ನು ಕೇಳುವವರು ಅಪರೂಪ, ಕೇಳದೆ ಹೇಳುವ ಆಪರೇಟರುಗಳು ಇನ್ನೂ ಅಪರೂಪ.

ಸಂಜೆ ಏಳಕ್ಕೆ ಅಪ್‌ಲೋಡ್ ತುಂಬುವುದೇಕೆ? ಬೆಟ್ಟದಿಂದ ಇಳಿದು ಬಂದ ಅತಿಥಿಗಳ ಫೋನುಗಳಲ್ಲಿ ಆ ದಿನ ತೆಗೆದ ಫೋಟೊ, ವಿಡಿಯೊಗಳೆಲ್ಲವೂ ಇರುತ್ತವೆ. ಹೆಚ್ಚಿನ ಫೋನುಗಳಲ್ಲಿ ಫೋಟೊ ಬ್ಯಾಕಪ್ ವೈಫೈ ಸಿಕ್ಕಾಗ ಮಾತ್ರ ನಡೆಯುವಂತೆ ಇಟ್ಟಿರುತ್ತಾರೆ. ಬೆಳಗಿನಿಂದ ಕಾದು ಕುಳಿತಿದ್ದ ಆ ಕೆಲಸ, ಅತಿಥಿ ಕೋಣೆಗೆ ಬಂದು ಫೋನನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದ ಕೂಡಲೇ, ಯಾರಿಗೂ ಕಾಣದಂತೆ ಶುರುವಾಗುತ್ತದೆ. ಒಂದು ನಿಮಿಷದ 4ಕೆ ವಿಡಿಯೊ ಫೋನಿನ ಸೆಟ್ಟಿಂಗಿಗೆ ತಕ್ಕಂತೆ 170ರಿಂದ 350 ಎಂಬಿಯಷ್ಟು ಜಾಗ ಹಿಡಿಯುವುದರಿಂದ, ತಲೆಗೆ ಒಂದು ಜಿಬಿ ಎಂದು ಹಿಡಿಯುವುದು ಹೆಚ್ಚಿನ ಅಂದಾಜೇನಲ್ಲ. ಹನ್ನೆರಡು ಫೋನುಗಳೆಂದರೆ 12 ಜಿಬಿ, ಅಂದರೆ 96 ಸಾವಿರ ಮೆಗಾಬಿಟ್. ಅದನ್ನು 18ರಿಂದ ಭಾಗಿಸಿದರೆ ಸುಮಾರು 5,300 ಸೆಕೆಂಡು, ಒಂದೂವರೆ ಗಂಟೆಗೆ ಒಂದು ನಿಮಿಷ ಕಡಿಮೆ. ಮಾಲೀಕರು ಹೇಳಿದ “ಆರೂಮುಕ್ಕಾಲಿಗೆ ಹಿಡಿಯುತ್ತೆ, ಎಂಟೂಕಾಲಿಗೆ ಬಿಡುತ್ತೆ” ಎಂಬ ಮಾತಿಗೂ ಈ ಲೆಕ್ಕಕ್ಕೂ ತಾಳೆಯಾಗುತ್ತದೆ.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಏಕೆ ನಿಧಾನವಾಗಬೇಕು ಎಂದು ಹಲವರು ಕೇಳುತ್ತಾರೆ. ಹೊರಗಿನಿಂದ ಬರುವ ದತ್ತಾಂಶಕ್ಕೆ ಫೋನು “ತಲುಪಿತು” ಎಂಬ ಪುಟ್ಟ ರಸೀದಿಯನ್ನು ಮರಳಿ ಕಳುಹಿಸುತ್ತಿರಬೇಕು, ಅದನ್ನು ನೋಡಿಯೇ ಆ ಕಡೆಯವರು ಮುಂದಿನ ಕಂತು ಕಳುಹಿಸುತ್ತಾರೆ. ಆ ರಸೀದಿ ಹೋಗಬೇಕಾದದ್ದು ಇದೇ ಇಕ್ಕಟ್ಟಿನ ಬಾಗಿಲಿನಿಂದ, ಇದೇ ವಿಡಿಯೊಗಳ ಹಿಂದೆ ಸಾಲಿನಲ್ಲಿ ನಿಂತು. ಸಾಲು ಎಷ್ಟು ಉದ್ದವಿರಬಹುದೆಂಬುದನ್ನೂ ಲೆಕ್ಕ ಹಾಕಬಹುದು: 1,500 ಬೈಟಿನ ಒಂದು ಪ್ಯಾಕೆಟ್ ಎಂದರೆ 12,000 ಬಿಟ್, 18 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ 1,500 ಪ್ಯಾಕೆಟ್ ಹೊರಹೋಗುತ್ತವೆ. ರೂಟರಿನ ನೆನಪಿನಲ್ಲಿ 1,000 ಪ್ಯಾಕೆಟ್ಟುಗಳಿಗೆ ಸ್ಥಳ ಕೊಟ್ಟಿದ್ದರೆ, ಕೊನೆಯಲ್ಲಿ ನಿಂತದ್ದು ಮುಕ್ಕಾಲು ಸೆಕೆಂಡಿಗೆ ತುಸು ಕಡಿಮೆ ಹೊತ್ತು ಕಾಯಬೇಕು. ಹಲವು ರೂಟರುಗಳ ಒಳಗಿರುವ ಲಿನಕ್ಸ್‌ ತಂತ್ರಾಂಶದಲ್ಲಿ ಈ ಸಾಲಿನ ವಾಡಿಕೆಯ ಉದ್ದವೂ 1,000. ಪಿಂಗ್‌ನಲ್ಲಿ 690 ಕಂಡದ್ದರಲ್ಲಿ ಅಚ್ಚರಿಯೇನೂ ಇಲ್ಲ. ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ಹೆಸರು.

ಕೌಂಟರಿನಲ್ಲಿ ಚಕ್ರ ತಿರುಗುವುದೂ ಇದರಿಂದಲೇ. ಯುಪಿಐ ಪಾವತಿಗೆ ಬೇಕಾದ ದತ್ತಾಂಶ ತೀರ ಅಲ್ಪ, ಆದರೆ ಅದು ಹಲವು ಸುತ್ತು ಹೋಗಿಬರಬೇಕಾಗುತ್ತದೆ. ಪ್ರತಿ ಸುತ್ತಿಗೆ 690 ಮಿಲಿಸೆಕೆಂಡ್ ಕೂಡಿದರೆ, ನಡುವೆ ಒಂದೆರಡು ಪ್ಯಾಕೆಟ್ ಕಳೆದರೆ, ಆ್ಯಪ್ ಕಾಯುವ ಅವಧಿ ಮೀರುತ್ತದೆ. ಇಲ್ಲಿ ಮಾಲೀಕರು ಗಮನಿಸದೆ ಇದ್ದ ಒಂದು ಸಂಗತಿಯಿದೆ: ಕೌಂಟರಿನ ಮುಂದೆ ನಿಂತು ಕ್ಯೂಆರ್ ಕೋಡ್ ಹಿಡಿಯುವ ಅತಿಥಿಯ ಫೋನೂ ಅತಿಥಿ ವೈಫೈಯಲ್ಲಿಯೇ ಇರುತ್ತದೆ. ಆದ್ದರಿಂದ ಕೌಂಟರಿನ ಕಂಪ್ಯೂಟರಿಗೆ ಮಾತ್ರ ರಾಜಮಾರ್ಗ ಮಾಡಿಕೊಟ್ಟು ಅತಿಥಿಗಳ ಸಾಲನ್ನು ಹಾಗೆಯೇ ಬಿಟ್ಟರೆ ದುಡ್ಡು ಬರುವುದು ಅಲ್ಲಿಯೇ ನಿಂತಿರುತ್ತದೆ.

ಪರಿಹಾರ: ತುಸು ಕಡಿಮೆಗೆ ಕಟ್ಟುವುದು, ಸಮನಾಗಿ ಹಂಚುವುದು

ಆಪರೇಟರಿನ ಪೆಟ್ಟಿಗೆಯೊಳಗಿನ ಸಾಲಿನ ಮೇಲೆ ನಮಗೆ ಹಿಡಿತವಿಲ್ಲ. ಹಿಡಿತ ಬೇಕೆಂದರೆ ಸಾಲು ನಮ್ಮ ರೂಟರಿನಲ್ಲಿ ನಿಲ್ಲುವಂತೆ ಮಾಡಬೇಕು, ಅಂದರೆ ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ನಾವೇ ಕಟ್ಟು ಹಾಕಿಕೊಳ್ಳಬೇಕು. ಅಳೆದ ವೇಗದ ಶೇಕಡಾ 90 ಒಳ್ಳೆಯ ಆರಂಭ. ಇಲ್ಲಿ ಮೈಕ್ರೋಟಿಕ್ ಕಂಪನಿಯ ಒಂದು ಚಿಕ್ಕ ರೂಟರ್ ತರಿಸಿ ಅಪ್‌ಲೋಡಿಗೆ 16, ಡೌನ್‌ಲೋಡಿಗೆ 170 ಎಂದು ಒಟ್ಟು ಮಿತಿ ಇಟ್ಟೆವು. ಓಪನ್‌ಡಬ್ಲ್ಯುಆರ್‌ಟಿ ಎಂಬ ಉಚಿತ ರೂಟರ್ ತಂತ್ರಾಂಶ ಹಾಕಬಹುದಾದ ರೂಟರ್ ಇದ್ದರೆ ಅದರಲ್ಲಿನ ಎಸ್‌ಕ್ಯುಎಂ ಎಂಬ ಪ್ಯಾಕೇಜ್ ಇದೇ ಕೆಲಸವನ್ನು ಇನ್ನೂ ಸರಳವಾಗಿ ಮಾಡುತ್ತದೆ. ಅಳತೆಯ ಏಕಮಾನದ ಬಗ್ಗೆ ಎಚ್ಚರವಿರಲಿ: ಕೆಲವು ಸೆಟ್ಟಿಂಗ್ ಪುಟಗಳು ಕಿಲೋಬಿಟ್ ಕೇಳುತ್ತವೆ, ಕೆಲವು ಕಿಲೋಬೈಟ್, ಎರಡಕ್ಕೂ ಎಂಟು ಪಟ್ಟು ವ್ಯತ್ಯಾಸ. 16 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2 ಮೆಗಾಬೈಟ್ ಅಷ್ಟೇ.

ಆ ಮಿತಿಯೊಳಗೆ ಎರಡು ಜಾಲಗಳು: ಕಚೇರಿಗೆ 192.168.10, ಅತಿಥಿಗಳಿಗೆ 192.168.50, ನಡುವೆ ವಿಲ್ಯಾನ್ (ಒಂದೇ ಕೇಬಲ್ಲಿನಲ್ಲಿ ಜಾಲಗಳನ್ನು ಬೇರೆಯಾಗಿಡುವ ವ್ಯವಸ್ಥೆ) ಗೋಡೆ. ಕಚೇರಿಗೆ ಅಪ್‌ಲೋಡಿನಲ್ಲಿ 4, ಡೌನ್‌ಲೋಡಿನಲ್ಲಿ 30 ಖಾತರಿ, ಉಳಿದದ್ದು ಅತಿಥಿಗಳಿಗೆ. ಒಬ್ಬರು ಬಳಸದೆ ಬಿಟ್ಟದ್ದನ್ನು ಇನ್ನೊಬ್ಬರು ಪೂರ್ತಿ ಬಳಸಿಕೊಳ್ಳಬಹುದು, ಬೇಡಿಕೆ ಬಂದ ಕ್ಷಣದಲ್ಲಿ ಬಿಟ್ಟುಕೊಡಬೇಕು. ಕ್ಯೂಗಳಲ್ಲಿ (ರೂಟರಿನಲ್ಲಿ ಸಾಲನ್ನು ನಿಯಂತ್ರಿಸುವ ಸೆಟ್ಟಿಂಗುಗಳಲ್ಲಿ) ಖಾತರಿಯ ಅಂಕಿ, ಗರಿಷ್ಠದ ಅಂಕಿ ಎಂದು ಎರಡು ಇರುವುದು ಇದಕ್ಕಾಗಿಯೇ. ಗರಿಷ್ಠವನ್ನು ಮಾತ್ರ ತುಂಬಿ ಖಾತರಿಯನ್ನು ಖಾಲಿ ಬಿಟ್ಟಿರುವ ಸೆಟ್ಟಿಂಗುಗಳನ್ನು ನಾನು ಅನೇಕ ಕಡೆ ಕಂಡಿದ್ದೇನೆ.

ಫೋನಿಗೆ ಇಷ್ಟೇ ಎಂದು ಗಟ್ಟಿ ಮಿತಿ ಹಾಕುವುದು ಹೆಚ್ಚಿನವರು ಹಿಡಿಯುವ ದಾರಿ: ತಲೆಗೆ 2 ಎಂಬಿಪಿಎಸ್, ಮುಗಿಯಿತು. ನನಗೆ ಅದು ಸರಿಕಾಣುವುದಿಲ್ಲ. ಮಂಗಳವಾರ ಒಬ್ಬನೇ ಅತಿಥಿ ಇದ್ದಾಗಲೂ ಅವನಿಗೆ 2 ಎಂಬಿಪಿಎಸ್ ಕೊಟ್ಟು ಉಳಿದ 168ನ್ನು ಖಾಲಿ ಬಿಡುವುದು ವ್ಯರ್ಥ. ಶನಿವಾರ ಐವತ್ತು ಫೋನುಗಳು ಬಂದರೆ ತಲೆಗೆ ಎರಡರಂತೆಯೇ ಅಪ್‌ಲೋಡ್ 100 ಬೇಕಾಗುತ್ತದೆ, ಇರುವುದು 16. ಹಾಗಾಗಿ ಖಾಲಿ ಇದ್ದಾಗ ಕಟ್ಟಿಹಾಕುವ, ತುಂಬಿದಾಗ ಕಾಪಾಡದ ಮಿತಿ ಅದು. ಅದರ ಬದಲು ಒಟ್ಟು ಇರುವುದನ್ನು ಆ ಕ್ಷಣದಲ್ಲಿ ಬೇಡುತ್ತಿರುವವರ ನಡುವೆ ಸಮನಾಗಿ ಹಂಚುವ ಕ್ಯೂ ಆರಿಸಿಕೊಳ್ಳಬೇಕು. ಮೈಕ್ರೋಟಿಕ್‌ನ ಪಿಸಿಕ್ಯು ವಿಳಾಸಕ್ಕೆ ಒಂದರಂತೆ ಸಾಲು ಮಾಡಿ ಹಂಚುತ್ತದೆ. 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಾಗಿ ಪ್ರಕಟವಾದ ಎಫ್‌ಕ್ಯು-ಕೋಡೆಲ್ ಮತ್ತು ಅದೇ ವರ್ಷ ಲಿನಕ್ಸ್ 4.19ರೊಳಗೆ ಸೇರಿದ ಕೇಕ್ ಎಂಬ ಕ್ಯೂ ವಿಧಾನಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಾಲಿನಲ್ಲಿ ಬಹಳ ಹೊತ್ತು ನಿಂತ ಪ್ಯಾಕೆಟ್ಟುಗಳನ್ನು ಬೀಳಿಸಿ ಕಳುಹಿಸುವವರಿಗೆ ನಿಧಾನಿಸುವ ಸೂಚನೆ ಕೊಡುತ್ತವೆ. ಮೈಕ್ರೋಟಿಕ್‌ನ ತಂತ್ರಾಂಶವಾದ ರೂಟರ್‌ಒಎಸ್ 7ರಲ್ಲಿ ಎರಡೂ ಇವೆ. ಕೇಕ್ ಬಳಸುವಾಗ ಸಂಪರ್ಕಕ್ಕೆ ಒಂದು ಪಾಲು ಎಂಬ ಬದಲು ಯಂತ್ರಕ್ಕೆ ಒಂದು ಪಾಲು ಎಂದು ಇಡಬೇಕು. ಇಲ್ಲವಾದರೆ ಎಂಟು ಸಂಪರ್ಕ ತೆರೆದ ಬ್ಯಾಕಪ್ ಆ್ಯಪ್ ಎಂಟು ಪಾಲು ಪಡೆಯುತ್ತದೆ, ಪಾವತಿಯ ಒಂಟಿ ಸಂಪರ್ಕಕ್ಕೆ ಒಂದೇ ಪಾಲು ದಕ್ಕುತ್ತದೆ.

ಬ್ಯಾಕಪ್ ಸೇವೆಗಳನ್ನೇ ತಡೆದುಬಿಡಿ ಎಂಬ ಸಲಹೆಯೂ ಬಂದಿತು. ದತ್ತಾಂಶವೆಲ್ಲ ಗೂಢಲಿಪಿಯಲ್ಲಿ ಹೋಗುವ ಈ ಕಾಲದಲ್ಲಿ, ಒಂದು ಕಂಪನಿಯ ಫೋಟೊ ಸೇವೆಗೂ ನಕ್ಷೆಗೂ ಅಂಚೆಗೂ ವಿಳಾಸಗಳು ಬೆರೆತಿರುವಾಗ, ಒಂದನ್ನು ತಡೆಯಹೋಗಿ ಇನ್ನೊಂದನ್ನು ಕೆಡಿಸುವ ಸಾಧ್ಯತೆಯೇ ಹೆಚ್ಚು. “ದಯವಿಟ್ಟು ಬ್ಯಾಕಪ್ ನಿಲ್ಲಿಸಿ” ಎಂಬ ಚೀಟಿಯನ್ನು ಕೋಣೆಯ ಗೋಡೆಗೆ ಅಂಟಿಸಿಯೂ ನೋಡಿದ್ದಾರೆ. ಬಿಸಿನೀರಿನ ಸಮಯದ ಚೀಟಿಯನ್ನೇ ಓದದವರು ಇದನ್ನು ಓದುತ್ತಾರೆಯೇ?

ಮಿತಿ ಹಾಕಿದರೂ ಹಿಡಿಯದಿದ್ದರೆ

ಎಲ್ಲವನ್ನೂ ಹಾಕಿ ಮುಗಿಸಿದ ಮೊದಲ ಶನಿವಾರ ಪಿಂಗ್ ಮತ್ತೆ 600 ದಾಟಿತು. ತಪ್ಪು ನನ್ನದೇ. ಕ್ಯೂ ಪುಟವನ್ನು ತೆರೆದು ನೋಡಿದರೆ, ಎದುರಿಗೇ ಒಬ್ಬರು ಯೂಟ್ಯೂಬ್ ನೋಡುತ್ತಿದ್ದರೂ ಅತಿಥಿ ಕ್ಯೂವಿನ ಎಣಿಕೆ ಕೆಲವೇ ಕಿಲೋಬಿಟ್‌ಗಳಲ್ಲಿ ತೆವಳುತ್ತಿತ್ತು. ಮೈಕ್ರೋಟಿಕ್‌ನ ಮೂಲ ಸೆಟ್ಟಿಂಗಿನಲ್ಲಿ ಫಾಸ್ಟ್‌ಟ್ರ್ಯಾಕ್ ಎಂಬ ಫೈರ್‌ವಾಲ್ ನಿಯಮವೊಂದಿದೆ. ಒಮ್ಮೆ ಸ್ಥಾಪಿತವಾದ ಸಂಪರ್ಕವನ್ನು ಅದು ರೂಟರಿನ ಅಡ್ಡದಾರಿಯಿಂದ ದಾಟಿಸುತ್ತದೆ, ಮತ್ತು ಆ ಅಡ್ಡದಾರಿಯಲ್ಲಿ ನಾನು ಹಾಕಿದ್ದ ‘ಸಿಂಪಲ್ ಕ್ಯೂ’ಗಳು ಇಲ್ಲ. ವೇಗಕ್ಕೆಂದೇ ಮಾಡಿದ ಸೌಲಭ್ಯ ಅದು, ದೋಷವಲ್ಲ. ಆದರೆ ಕ್ಯೂ ಬೇಕಾದಲ್ಲಿ ಅದನ್ನು ನಿಲ್ಲಿಸಲೇಬೇಕು. ಮನೆಬಳಕೆಯ ರೂಟರುಗಳಲ್ಲಿ ಹಾರ್ಡ್‌ವೇರ್ ನ್ಯಾಟ್ ಎಂದೂ, ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಫ್ಲೋ ಆಫ್‌ಲೋಡಿಂಗ್ ಎಂದೂ ಇರುವುದು ಇದೇ ಬಗೆಯ ಅಡ್ಡದಾರಿ. ನಿಲ್ಲಿಸಿದ ಮೇಲೆ ರೂಟರಿನ ಸಿಪಿಯು ಮೇಲೆ ಹೊರೆ ಏರುವುದರಿಂದ, ತುಂಬಿದ ಹೊತ್ತಿನಲ್ಲಿ ಅದು ಶೇಕಡಾ 100 ಮುಟ್ಟುತ್ತಿಲ್ಲವೆಂದು ನೋಡಿಕೊಳ್ಳಬೇಕು.

ಫಾಸ್ಟ್‌ಟ್ರ್ಯಾಕ್ ನಿಲ್ಲಿಸಿದ ಮೇಲೂ ಒಂದು ಭಾಗ ತಪ್ಪಿಸಿಕೊಳ್ಳುತ್ತಿತ್ತು. ಕ್ಯೂವಿಗೆ ಗುರಿಯಾಗಿ ನಾನು ಬರೆದಿದ್ದದ್ದು 192.168.50 ಎಂಬ, ಹಳೆಯ ಬಗೆಯ ಐಪಿವಿ4 ವಿಳಾಸಗಳನ್ನು. ಲೈನಿನಲ್ಲಿ ಹೊಸ ಬಗೆಯ ಐಪಿವಿ6 ಕೂಡ ಬರುತ್ತಿತ್ತು, ಫೋನುಗಳು ಸಾಧ್ಯವಿದ್ದಲ್ಲೆಲ್ಲ ಅದನ್ನೇ ಆರಿಸಿಕೊಳ್ಳುತ್ತವೆ, ಗೂಗಲ್‌ನ ಸೇವೆಗಳಂತೂ ಅದರಲ್ಲಿಯೇ ಹೋಗುತ್ತವೆ. ಗುರಿಯಾಗಿ ವಿಳಾಸದ ಬದಲು ಅತಿಥಿ ವಿಲ್ಯಾನ್‌ನ ಇಂಟರ್‌ಫೇಸನ್ನೇ (ಆ ಜಾಲ ರೂಟರಿಗೆ ಸೇರುವ ತುದಿಯನ್ನು) ಬರೆದ ಮೇಲೆ ಎರಡೂ ಹಿಡಿತಕ್ಕೆ ಬಂದವು. ಮಿತಿ ಹಾಕಿದ್ದೇನೆ ಎಂಬ ಸಮಾಧಾನದಿಂದ ಎದ್ದು ಬರುವ ಮೊದಲು ಕ್ಯೂವಿನ ಎಣಿಕೆಯನ್ನೂ ಹೊರ ಇಂಟರ್‌ಫೇಸಿನ ಎಣಿಕೆಯನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು.

ಅಕ್ಸೆಸ್ ಪಾಯಿಂಟಿನಲ್ಲಿಯೇ ಮಿತಿ ಹಾಕುವವರು ನೆನಪಿಡಬೇಕಾದದ್ದು, ಒಂದು ಅಕ್ಸೆಸ್ ಪಾಯಿಂಟಿಗೆ ಇನ್ನೊಂದರಲ್ಲಿ ಎಷ್ಟು ಹರಿಯುತ್ತಿದೆ ಎಂಬುದು ತಿಳಿಯದು. ಎರಡಕ್ಕೂ 16 ಎಂದು ಹಾಕಿದರೆ ಒಟ್ಟು 32 ಆಗುತ್ತದೆ. ಒಟ್ಟು ಲೆಕ್ಕ ಕಾಣುವುದು ರೂಟರಿನಲ್ಲಿ ಮಾತ್ರ.

ಮನೆಬಳಕೆಯ ರೂಟರನ್ನು ಬರಿಯ ಅಕ್ಸೆಸ್ ಪಾಯಿಂಟ್ ಆಗಿ ಬಳಸುವಾಗ ಅದರ ‘ಗೆಸ್ಟ್ ನೆಟ್‌ವರ್ಕ್’ ಗುಂಡಿಯನ್ನು ನಂಬಬೇಡಿ. ಹಲವು ಮಾದರಿಗಳಲ್ಲಿ ಆ ಸ್ಥಿತಿಯಲ್ಲಿ ಅದು ಹೆಸರನ್ನಷ್ಟೇ ಬೇರೆ ಮಾಡುತ್ತದೆ, ಜಾಲವನ್ನಲ್ಲ. ಅತಿಥಿ ವೈಫೈಯಲ್ಲಿರುವ ಫೋನಿನಿಂದ ಬಿಲ್ಲಿಂಗ್ ಪ್ರಿಂಟರಿನ ವಿಳಾಸವನ್ನು ತೆರೆದು ನೋಡಿ; ಪುಟ ತೆರೆದುಕೊಂಡರೆ ಗೋಡೆ ಇಲ್ಲವೆಂದೇ ಅರ್ಥ.

ನಿಧಾನವಲ್ಲ, ವಿಳಾಸವೇ ಸಿಗುತ್ತಿಲ್ಲ

ಅತಿಥಿಗಳು “ನೆಟ್ ಸ್ಲೋ” ಎಂದು ಹೇಳುವ ಎಲ್ಲವೂ ನಿಧಾನದ ದೂರುಗಳಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಬಂದವರಲ್ಲಿ ಕೆಲವರಿಗೆ ವೈಫೈ ಸೇರುವುದೇ ಆಗುತ್ತಿರಲಿಲ್ಲ. ಫೋನು ವಿಳಾಸ ಪಡೆಯುತ್ತಿದೆ ಎನ್ನುತ್ತಲೇ ನಿಲ್ಲುತ್ತಿತ್ತು. ಒಬ್ಬರ ಲ್ಯಾಪ್‌ಟಾಪಿನಲ್ಲಿ 169.254ರಿಂದ ಆರಂಭವಾಗುವ ವಿಳಾಸ ಕಂಡಿತು. ಡಿಎಚ್‌ಸಿಪಿಯಿಂದ (ರೂಟರಿನಲ್ಲಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಸಿಗದಿದ್ದಾಗ ಯಂತ್ರ ತಾನೇ ಕಟ್ಟಿಕೊಳ್ಳುವ ವಿಳಾಸ ಅದು. ಹಳೆಯ ಪೆಟ್ಟಿಗೆಯಲ್ಲಿ 100ರಿಂದ 199ರವರೆಗೆ ನೂರು ವಿಳಾಸಗಳಿದ್ದವು, ಪ್ರತಿಯೊಂದನ್ನೂ 24 ಗಂಟೆ ಹಿಡಿದಿಡುತ್ತಿತ್ತು. ಶನಿವಾರ ಬಂದು ಹೋದವರ ವಿಳಾಸಗಳು ಭಾನುವಾರ ಮಧ್ಯಾಹ್ನದವರೆಗೂ ಅವರ ಹೆಸರಿನಲ್ಲಿಯೇ ಇರುತ್ತಿದ್ದವು. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸದ (ಯಂತ್ರದ ಗುರುತಿನ ಸಂಖ್ಯೆ) ಬದಲು ಜಾಲಕ್ಕೊಂದು ಕೃತಕ ವಿಳಾಸ ತೋರಿಸುವುದರಿಂದ, ಒಂದೇ ಫೋನು ಎರಡೆಂದು ಎಣಿಕೆಯಾಗುವುದೂ ಉಂಟು. ಮ್ಯಾಕ್ ವಿಳಾಸವನ್ನು ನಂಬಿ ಡೇಟಾ ಮಿತಿ ಹಾಕುವವರಿಗೂ ಇದೇ ತೊಡಕು. ಅತಿಥಿ ಜಾಲದಲ್ಲಿ 200ಕ್ಕೂ ಹೆಚ್ಚು ವಿಳಾಸ, ಎರಡು ಗಂಟೆಯ ಅವಧಿ ಎಂದು ಬದಲಿಸಿದ ಮೇಲೆ ಈ ದೂರು ಬರಲಿಲ್ಲ.

ಕಾಟೇಜುಗಳ ಕಥೆ ಬೇರೆ

ಕ್ಯೂ ಸರಿಯಾದ ಮೇಲೆ ಕೌಂಟರಿನ ತೊಂದರೆ ಹೋಯಿತು, ಹಳೆಯ ಮನೆಯ ಕೋಣೆಗಳಲ್ಲಿಯೂ ಹೋಯಿತು, ಇಳಿಜಾರಿನ ಕೊನೆಯ ಎರಡು ಕಾಟೇಜುಗಳಲ್ಲಿ ಉಳಿಯಿತು. ಅಲ್ಲಿ ನಿಂತು ರೂಟರಿಗೆ ಪಿಂಗ್ ಮಾಡಿದರೆ ಒಮ್ಮೆ 5, ಒಮ್ಮೆ 240, ಒಮ್ಮೆ ಉತ್ತರವೇ ಇಲ್ಲ. ಮೊದಲ ಪಿಂಗೇ ಕೆಟ್ಟರೆ ತೊಂದರೆ ಕಟ್ಟಡದೊಳಗೆ ಎಂದು ಮೇಲೆ ಹೇಳಿದ್ದು ಇಲ್ಲಿ ಅನ್ವಯಿಸುತ್ತದೆ.

ವೈಫೈಯಲ್ಲಿ ಹಂಚಿಕೆಯಾಗುವುದು ಗಾಳಿಯ ಸಮಯ. ಒಬ್ಬರು ಮಾತನಾಡುವಾಗ ಅದೇ ಚಾನೆಲ್ಲಿನ ಉಳಿದವರು ಸುಮ್ಮನಿರಬೇಕು. 1,500 ಬೈಟನ್ನು 54 ಎಂಬಿಪಿಎಸ್‌ನಲ್ಲಿ ಕಳುಹಿಸಲು 0.22 ಮಿಲಿಸೆಕೆಂಡ್ ಸಾಕು, ಸಿಗ್ನಲ್ ಕುಂದಿ 6 ಎಂಬಿಪಿಎಸ್‌ಗೆ ಇಳಿದ ಫೋನಿಗೆ ಅದಕ್ಕೇ 2 ಮಿಲಿಸೆಕೆಂಡ್ ಬೇಕು. ದೂರದ ಕಾಟೇಜಿನ ಒಂದು ಫೋನು ಹೀಗೆ ಒಂಬತ್ತು ಫೋನುಗಳ ಸಮಯ ತಿನ್ನುತ್ತದೆ. ಅಲ್ಲಿ ಹಾಕಿದ್ದ ರಿಪೀಟರ್ ಕೇಳಿದ ಪ್ರತಿ ಮಾತನ್ನೂ ಅದೇ ಚಾನೆಲ್ಲಿನಲ್ಲಿ ಎರಡನೆಯ ಸಲ ಹೇಳುವುದರಿಂದ ಇದ್ದ ಸಮಯವೂ ಅರ್ಧವಾಗುತ್ತಿತ್ತು. ಅದನ್ನು ಕಿತ್ತು, ಮಣ್ಣಿನಡಿ ಪೈಪಿನಲ್ಲಿ ಫೈಬರ್ ಎಳೆದು ಒಂದು ಅಕ್ಸೆಸ್ ಪಾಯಿಂಟನ್ನು ಅಲ್ಲಿಯೇ ಇಟ್ಟೆವು. ತಾಮ್ರದ ಕೇಬಲ್ ಎಳೆಯದಿದ್ದುದಕ್ಕೆ ಕಾರಣ ಮಳೆಗಾಲದ ಸಿಡಿಲು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11. ಮೂರು ಅಕ್ಸೆಸ್ ಪಾಯಿಂಟುಗಳಿಗೆ ಮೂರನ್ನು ಕೈಯಾರೆ ಹಂಚಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ನಿಲ್ಲಿಸಿದರೆ ಸಾಕು. ಹತ್ತಿರದ ಫೋನುಗಳು ಹೇಗೂ 5 ಗಿಗಾಹರ್ಟ್ಸ್‌ಗೆ ಹೋಗುತ್ತವೆ.

ಮರುಪರೀಕ್ಷೆ

ಎರಡನೆಯ ಶನಿವಾರ ಸಂಜೆ 7.10. ಅಪ್‌ಲೋಡ್ ಪೂರ್ತಿ 16ರಲ್ಲಿ ಓಡುತ್ತಿತ್ತು, ಬ್ಯಾಕಪ್‌ಗಳು ಎಂದಿನಂತೆಯೇ ನಡೆಯುತ್ತಿದ್ದವು, ಪಿಂಗ್ 22ರಿಂದ 30ರ ನಡುವೆ ಇತ್ತು. ಕೌಂಟರಿನಲ್ಲಿ ನಾಲ್ಕು ಬಿಲ್ಲುಗಳಿಗೆ ಹಣ ಬಂದದ್ದನ್ನು ಸೌಂಡ್‌ಬಾಕ್ಸ್ ಒಂದರ ಹಿಂದೆ ಒಂದು ಕೂಗಿ ಹೇಳಿತು. ಸಿಸಿಟಿವಿಯನ್ನು ಬೆಂಗಳೂರಿನಲ್ಲಿ ಕುಳಿತು ನೋಡುವ ಮಾಲೀಕರ ಮಗನ ಪಾಲನ್ನು ಕಚೇರಿಯ ಖಾತರಿಯೊಳಗೆ ಸೇರಿಸದೆ, ಬೇರೆ ಕ್ಯೂವಿನಲ್ಲಿ 2 ಎಂಬಿಪಿಎಸ್‌ಗೆ ಕಟ್ಟಿದೆವು. ಅದಕ್ಕೆ ಅವರಿಂದ ದೂರು ಬಂದಿಲ್ಲ.

ಐದು ತಿಂಗಳ ನಂತರ ಮತ್ತೆ ಫೋನ್ ಬಂದಿತು. ಪ್ಲಾನನ್ನು 300ಕ್ಕೆ ಏರಿಸಿದ್ದರು, ಈ ಸಲ ಅಪ್‌ಲೋಡಿನ ಅಂಕಿಯನ್ನೂ ಕೇಳಿ 100 ಇರುವುದನ್ನೇ ಆರಿಸಿದ್ದರು, ಆದರೂ ಸ್ಪೀಡ್ ಟೆಸ್ಟ್ 170 ಮತ್ತು 16ರಲ್ಲಿ ನಿಂತಿತ್ತು. ಆಪರೇಟರಿನವರು ಎರಡು ಸಲ ಬಂದು ಲೈನ್ ಸರಿಯಿದೆ ಎಂದು ಹೋಗಿದ್ದರು, ಅವರ ಮಾತು ನಿಜವೂ ಆಗಿತ್ತು. ಹಳೆಯ ಕಟ್ಟು ನನ್ನದೇ ರೂಟರಿನಲ್ಲಿ ಕುಳಿತಿತ್ತು. 270 ಮತ್ತು 90 ಎಂದು ತಿದ್ದಿ, ಖಾತರಿಗಳನ್ನು ಅದಕ್ಕೆ ತಕ್ಕಂತೆ ಏರಿಸಿ, ಆ ಎರಡು ಅಂಕಿಗಳನ್ನೂ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ರೂಟರಿನ ನೆತ್ತಿಗೆ ಅಂಟಿಸಿ ಬಂದೆ.